ಮೋರಿ ಮುಚ್ಚಿದ ಮಳೆಗಾಲ

ಮಳೆ ಬಂತೆಂದರೆ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಚಹಾ ಕುಡಿಯುತ್ತ ಖುಷಿಪಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ‘ಮಿರ್ಚಿ ಭಜಿ ಕರಿಯೋಣೇನು?’ ಎಂದು ಕೇಳುವವರಿದ್ದರಂತೂ ಎದ್ದು ಒಳಗೆ ಹೋಗಿಬಿಡುತ್ತೇನೆ. ನನಗೆ ಮಳೆಯೆಂದರೆ ಅಂಜಿಕೆ, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ಗುಡುಗು ಸಿಡಿಲಿನ ಅಂಜಿಕೆಯಲ್ಲ, ಅವು ಬಂದಷ್ಟೇ ಬೇಗ ಹೋಗುತ್ತವೆ. ಹರಿದು ಹೋಗದೆ ನಿಂತುಬಿಡುವ ನೀರಿನ ಅಂಜಿಕೆ ನನ್ನದು.

ಹಾಗೆ ನೋಡಿದರೆ ನಾನು ಸಣ್ಣವಳಿದ್ದಾಗಿನಿಂದಲೂ ಎಲ್ಲದಕ್ಕೂ ಅಂಜುವವಳೇ. ಹಲ್ಲಿ, ಲಾರಿ, ಕುಕ್ಕರಿನ ಸೀಟಿ, ಯಾವುದನ್ನೂ ಬಿಟ್ಟವಳಲ್ಲ. ಅವ್ವ ನನ್ನನ್ನು ಹೆಸರು ಹಿಡಿದು ಕರೆದದ್ದಕ್ಕಿಂತ ‘ಅಂಜುಬುರುಕಿ’ ಎಂದು ಕರೆದದ್ದೇ ಹೆಚ್ಚು. ಇದರಿಂದ ಒಂದು ತೊಂದರೆಯಾಯಿತು. ಖರೇ ಅಂಜಬೇಕಾದದ್ದಕ್ಕೆ ನಾನು ಅಂಜಿದಾಗಲೂ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮದು ಹಳೇ ಹುಬ್ಬಳ್ಳಿಯ ಇಳಿಜಾರು ಓಣಿ. ಸಾಲಾಗಿ ಮಣ್ಣಿನ ಗೋಡೆಯ ಮನೆಗಳು, ಪ್ರತಿ ಮನೆಯ ಹಿಂದೊಂದು ಹಿತ್ತಲು. ಒಬ್ಬರ ಹಿತ್ತಲಿಗಿಂತ ಮುಂದಿನವರ ಹಿತ್ತಲು ಒಂದಿಷ್ಟು ತಗ್ಗು. ನಡುವಿನ ಗೋಡೆಗಳ ಬುಡದಲ್ಲಿ ಬೆಕ್ಕು ನುಸುಳುವಷ್ಟು ಕಿಂಡಿಗಳಿದ್ದವು. ಅವಕ್ಕೆ ನಾವು ಮೋರಿ ಅನ್ನುತ್ತಿದ್ದೆವು. ಮಳೆ ನೀರು ಮೇಲಿನವರ ಹಿತ್ತಲಿನಿಂದ ನಮ್ಮ ಹಿತ್ತಲಿಗೆ, ನಮ್ಮಿಂದ ಕೆಳಗಿನ ಕಾಕಾನ ಹಿತ್ತಲಿಗೆ, ಹೀಗೆ ಮೋರಿಯಿಂದ ಮೋರಿಗೆ ಇಳಿದು ಕೊನೆಗೆ ಹಳ್ಳ ಸೇರುತ್ತಿತ್ತು. ಅಜ್ಜಂದಿರ ಕಾಲದಿಂದ ಹಾಗೇ ನಡೆದಿತ್ತು. ನೀರಿನ ಜೊತೆ ಮೇಲಿನವರ ಬಾಳೆಸಿಪ್ಪೆ, ಹರಿದ ಚಪ್ಪಲಿ, ಒಮ್ಮೊಮ್ಮೆ ಸತ್ತ ಹೆಗ್ಗಣ ಕೂಡ ಬರುತ್ತಿದ್ದವು. ಮಳೆಗಾಲದಲ್ಲಿ ಓಣಿಯ ಹೆಂಗಸರು ಒಬ್ಬರ ಮೇಲೊಬ್ಬರು ಗೋಡೆ ಆಚೆಗಿಂದಲೇ ಹರಿಹಾಯುತ್ತಿದ್ದರು.

ಕಾಕಾ ಎಂದರೆ ನಮ್ಮ ಕೆಳಗಿನ ಮನೆಯ ಸ್ಕೂಟರ್ ಮೇಸ್ತ್ರಿ. ಓಣಿಯ ಬಾಯಿಯಲ್ಲಿ ಅವರ ಗ್ಯಾರೇಜು. ಯಾರ ಗಾಡಿ ಚಾಲೂ ಆಗದಿದ್ದರೂ ಅವರು ಬಂದು ಬಲಗಾಲಿನಲ್ಲಿ ಒಂದೇ ಒಂದು ಕಿಕ್ ಹೊಡೆದರೆ ಸಾಕು, ಅದು ಬಡಬಡ ಶುರುವಾಗುತ್ತಿತ್ತು. ‘ಅದಕ್ಕೂ ನನ್ನ ಕಾಲಿನ ಗುರ್ತ ಐತ್ರಿ,’ ಎಂದು ನಗುತ್ತಿದ್ದರು. ಅವರ ಹೆಂಡತಿಯನ್ನು ನಾವು ಚಾಚಿ ಅನ್ನುತ್ತಿದ್ದೆವು. ನಮ್ಮ ಅವ್ವನಿಗೂ ಚಾಚಿಗೂ ಮೋರಿಯ ಸಲುವಾಗಿ ಜಗಳವಾಗದ ಮಳೆಗಾಲವಿಲ್ಲ. ಜಗಳವಾದ ಸಂಜೆಯೇ ಗೋಡೆಯ ಮೇಲೆ ಸಾರಿನ ಬಟ್ಟಲು ದಾಟದೆ ಇದ್ದದ್ದೂ ಇಲ್ಲ.

ನಮ್ಮ ಅಪ್ಪ ಸಾಲಿ ಮಾಸ್ತರು. ತೊಂಬತ್ತರ ದಶಕದ ಕೊನೆಯಲ್ಲಿ ಅವರೇ ಕಾರ್ಪೊರೇಶನ್ನಿಗೆ ಅಲೆದಲೆದು ಓಣಿಗೆ ಸಿಮೆಂಟಿನ ಗಟಾರ ಮಂಜೂರು ಮಾಡಿಸಿದರು. ಬೇಸಿಗೆಯಲ್ಲಿ ಕೆಲಸ ನಡೆಯಿತು. ಮನೆಗಳ ಮುಂದೆ ರಸ್ತೆಯ ಪಕ್ಕಕ್ಕೆ ಗಟಾರ ಬಂತು, ಮೇಲೆ ಫರಸಿ ಕಲ್ಲು ಬಿದ್ದವು. ಪ್ರತಿ ಹಿತ್ತಲಿನಿಂದ ಮನೆಯ ಕೆಳಗೇ ಒಂದು ಪೈಪು ಹಾಯ್ದು ಗಟಾರ ಸೇರಿತು. ಗುತ್ತಿಗೆದಾರ ಮನೆಮನೆಗೆ ಬಂದು, ‘ಇನ್ನ ಹಿತ್ತಲದಾಗಿನ ಮೋರಿ ಮುಚ್ಚಿ ಬಿಡ್ರಿ. ಎಲ್ಲಾ ನೀರು ಮುಂದ ಹೊಕ್ಕೈತಿ,’ ಎಂದು ಹೇಳಿ ಹೋದ. ಓಣಿಯವರು ಗಟಾರಕ್ಕೆ ಕಾಯಿ ಒಡೆದರು. ಅಪ್ಪ ಒಂದು ಕೊಡ ನೀರು ಸುರಿದು, ಅದು ಸರಾಗ ಇಳಿದು ಹೋದದ್ದನ್ನು ಎಲ್ಲರಿಗೂ ತೋರಿಸಿದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅಕ್ಕನ ಮದುವೆಯಲ್ಲೂ ನೋಡಿರಲಿಲ್ಲ.

ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಅದು ನಮ್ಮ ಹಿತ್ತಲಿಗಿಂತ ಎತ್ತರವಾಗಿತ್ತು. ಗಟಾರವೂ ಅದರ ಜೊತೆಗೇ ಎತ್ತರದಲ್ಲಿ ಕುಳಿತಿತ್ತು. ಇದನ್ನು ಯಾರೂ ನೋಡಲಿಲ್ಲ. ಬೇಸಿಗೆಯಲ್ಲಿ ಯಾರು ನೋಡುತ್ತಾರೆ?

ಓಣಿಯವರು ‘ಮುಚ್ಚೋಣಂತ ತಗೋರಿ’ ಅಂದರೇ ಹೊರತು ಯಾರೂ ಮೋರಿ ಮುಚ್ಚುವ ಗೋಜಿಗೆ ಹೋಗಲಿಲ್ಲ. ಮುಚ್ಚಿದ್ದು ನಾವು, ಅದೂ ನೀರಿನ ಸಲುವಾಗಿ ಅಲ್ಲ. ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದವಾಖಾನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಮನೆಗೆ ಕರೆತರುವ ಹಿಂದಿನ ದಿನ ಅವ್ವ ಬಾಣಂತಿ ಕೋಣೆ ಸಜ್ಜು ಮಾಡಿದಳು. ಅದು ಮನೆಯ ಹಿಂಬದಿಯ ಕತ್ತಲೆ ಕೋಣೆ. ಅದರ ಒಂದು ಬದಿಯ ಗೋಡೆ ಕಾಕಾನ ಮನೆಗೂ ನಮಗೂ ನಡುವೆ ಇದ್ದ ಉದ್ದನೆಯ ಮಣ್ಣಿನ ಗೋಡೆಯೇ. ಆ ಕೋಣೆಯ ಮಗ್ಗುಲಿಗೆ ಗೋಡೆಯ ಆಚೆ ಕಾಕಾನ ಹಿತ್ತಲು, ಅದೇ ಗೋಡೆ ಮುಂದುವರಿದು ಎರಡೂ ಮನೆಯ ಹಿತ್ತಲುಗಳನ್ನು ಬೇರೆ ಮಾಡುತ್ತಿತ್ತು. ಅವ್ವ ಕಿಟಕಿಗೆ ಕಂಬಳಿ ಬಡಿದಳು, ಬಾಗಿಲ ಸಂದಿಗೆ ಹಳೆ ಸೀರೆ ತುರುಕಿದಳು, ಹೊರಸಿನ ಕೆಳಗೆ ಕೆಂಡದ ಶೇಗಡಿ ಇಟ್ಟಳು. ಆಮೇಲೆ ಹಿತ್ತಲಲ್ಲಿ ನಿಂತು ಮೋರಿಯ ಕಡೆ ನೋಡಿದಳು. ಬಾಣಂತಿ ಎರೆದುಕೊಳ್ಳಲು ಬಚ್ಚಲಿಗೆ ಹೋಗಬೇಕಾದರೆ ಹಿತ್ತಲಲ್ಲಿ ನಾಲ್ಕು ಹೆಜ್ಜೆ ಇಡಲೇಬೇಕು.

‘ಮೋರಿ ಗಾಳಿ ಕೆಟ್ಟದ್ದು. ಪಾದಕ್ಕ ಬಡೀತಂದ್ರ ಸನ್ನಿ ಆಗ್ತೈತಿ. ಹೆಂಗೂ ಮುಚ್ಚರಿ ಅಂತ ಹೇಳ್ಯಾರಲ್ಲ, ಮುಚ್ಚಿಬಿಡ್ರಿ,’ ಎಂದಳು ಅಪ್ಪನಿಗೆ.

ಅಪ್ಪ ಇಟ್ಟಿಗೆ ಇಟ್ಟು ಸಿಮೆಂಟು ಮೆತ್ತಿದರು. ಆಚೆ ಕಡೆಯಿಂದ ಕಾಕಾನ ದನಿ ಕೇಳಿಸಿತು. ‘ಮಾಸ್ತರ್ರ, ಬಾಣಂತಿ ಬರ್ತಾಳ ಅಂತಲ್ಲ. ನಾನೂ ಈ ಕಡಿಂದ ಗಿಲಾಯಿ ಮಾಡ್ತೇನಿ. ಒಂದ್ ಕಡಿ ಮುಚ್ಚಿದ್ರ ಗಾಳಿ ನಿಂದ್ರೂದಿಲ್ರಿ.’ ಅವರೂ ಕಲ್ಲು ತುಂಬಿ ಸಿಮೆಂಟು ಮೆತ್ತಿ ಗಟ್ಟಿಯಾಗಿ ಗಿಲಾಯಿ ಮಾಡಿದರು. ಅಕ್ಕನ ಮೇಲಿನ ಅಕ್ಕರೆಯಿಂದ ಎರಡೂ ಮನೆಯವರು ಸೇರಿ ಎರಡೂ ಬದಿಯಿಂದ ಒಂದು ಒಡ್ಡು ಕಟ್ಟಿದೆವು. ಮೇಲಿನ ಮನೆಗಳ ಮೋರಿಗಳೆಲ್ಲ ತೆರೆದೇ ಇದ್ದವು.

ಜೂನಿನ ಮಿರಗದ ಮಳೆ ಬಂದು ಹೋಯಿತು, ಏನೂ ಆಗಲಿಲ್ಲ. ಬೇಸಿಗೆಯಲ್ಲಿ ಬಾಯಿ ಬಿಟ್ಟಿದ್ದ ಎರೆಮಣ್ಣು ಅದನ್ನೆಲ್ಲ ಕುಡಿದುಬಿಟ್ಟಿತು. ಅಪ್ಪ ಹಿತ್ತಲಲ್ಲಿ ನಿಂತು, ‘ನೋಡ್ರಿ, ಹನಿ ನೀರಿಲ್ಲ,’ ಎಂದು ಬೀಗಿದರು. ಆಮೇಲೆ ಜಡಿಮಳೆ ಹಿಡಿಯಿತು. ಹಗಲು ರಾತ್ರಿ ಜಿಟಿಜಿಟಿ. ಬಟ್ಟೆ ಒಣಗುತ್ತಿಲ್ಲ, ಕೂಸಿನ ಲಂಗೋಟಿಗಳನ್ನು ಅವ್ವ ಶೇಗಡಿಯ ಮೇಲೆ ಬುಟ್ಟಿ ಬೋರಲು ಹಾಕಿ ಒಣಗಿಸುತ್ತಿದ್ದಳು. ಆಚೆ ಓಣಿಯಲ್ಲಿ ನೆನೆದ ಗೋಡೆ ಕುಸಿದು ಮಲಗಿದ್ದವರು ಹೋದರು ಎಂಬ ಸುದ್ದಿ ಬಂತು. ಜಡಿ ಹಿಡಿದಾಗ ಹುಬ್ಬಳ್ಳಿಯಲ್ಲಿ ಇಂಥ ಸುದ್ದಿ ಹೊಸದೇನಲ್ಲ.

ಆದರೆ ಅಂದಿನಿಂದ ನಾನು ಬಾಣಂತಿ ಕೋಣೆಯ ಗೋಡೆ ಮುಟ್ಟಿ ಮುಟ್ಟಿ ನೋಡತೊಡಗಿದೆ. ಕಾಲೇಜಿಗೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ. ಬುಡದಲ್ಲಿ ತಂಪು ಏರುತ್ತಿತ್ತು. ಮೊದಲು ಮೊಣಕಾಲಿನ ಮಟ್ಟ, ಆಮೇಲೆ ಹೊರಸಿನ ಮಟ್ಟ. ಸುಣ್ಣ ಹಪ್ಪಳದಂತೆ ಉಬ್ಬಿ ನಿಂತಿತ್ತು. ಬೆರಳಿಂದ ಒತ್ತಿದರೆ ಪುಟ್ಟೆಂದು ಒಡೆದು ಒಳಗಿನ ಮಣ್ಣು ಉದುರುತ್ತಿತ್ತು. ಆ ಗೋಡೆಗೆ ಆನಿಸಿಯೇ ಅಕ್ಕನ ಹೊರಸು, ಹೊರಸಿನ ಪಕ್ಕಕ್ಕೆ ತೊಟ್ಟಿಲು.

‘ಅವ್ವಾ, ಅಕ್ಕನ್ನ ಪಡಸಾಲ್ಯಾಗ ಮಲಗಸೋಣ. ಗ್ವಾಡಿ ನೆನದೈತಿ,’ ಎಂದೆ.

‘ಪಡಸಾಲ್ಯಾಗ? ಬಾಗಲಾ ತಗದ್ರ ಗಾಳಿ ರಪ್ಪಂತ ಹೊಡೀತೈತಿ. ಹಸಿ ಬಾಣಂತಿನ್ನ ಅಲ್ಲಿ ಮಲಗಸಂತೀಯಲ್ಲ, ನಿನ್ನ ಬುದ್ಧಿಗೆ ಏನ್ ಬಂದೈತಿ?’

‘ಗಾಳಿ ಬಡದ್ರ ಔಷಧ ಕುಡಸಬಹುದವಾ. ಗ್ವಾಡಿ ಬಿದ್ರ?’

‘ಸುಮ್ನಿರ ಅಂಜುಬುರುಕಿ! ಬಾಣಂತಿ ಮುಂದ ಅಪಶಕುನ ಮಾತಾಡಬ್ಯಾಡ,’ ಎಂದು ಅವ್ವ ನನ್ನ ತಲೆಗೆ ಮೊಟಕಿದಳು. ಅಕ್ಕ ಕಿವಿಗೆ ಅರಳೆ ತುಂಬಿ, ತಲೆಗೆ ಬಟ್ಟೆ ಬಿಗಿದುಕೊಂಡಿದ್ದಳು. ಅವಳಿಗೆ ಅರ್ಧ ಮಾತು ಕೇಳಿಸಿತ್ತು. ‘ಏನಂತಾಳವಾ ಇಕಿ?’ ಎಂದು ನಕ್ಕಳು.

ಅಪ್ಪನಿಗೆ ಹೇಳಿದೆ. ‘ನೀರೆಲ್ಲಾ ಗಟಾರಕ್ಕ ಹೋಗಾಕತ್ತೈತಿ, ಗ್ವಾಡಿಗೆ ಏನಾಗ್ತೈತಿ?’ ಎಂದರು. ಸಿಟ್ಟು ಬಂತು ನನಗೆ. ಗಟಾರ ತಂದ ಖುಷಿಯಲ್ಲಿ ಅವರಿಗೆ ಹಿತ್ತಲಿನ ಕೆಸರೇ ಕಾಣುತ್ತಿರಲಿಲ್ಲ.

ಅಂದು ಮಧ್ಯಾಹ್ನ, ಊಟದ ಹೊತ್ತು ದಾಟಿತ್ತು. ಜಿಟಿಜಿಟಿ ಇದ್ದದ್ದು ಒಮ್ಮೆಲೇ ಧೋ ಎಂದು ಸುರಿಯತೊಡಗಿತು. ಹಗಲೇ ದೀಪ ಹಚ್ಚುವಷ್ಟು ಕತ್ತಲೆ. ದೀಪ ಹಚ್ಚೋಣವೆಂದರೆ ಕರೆಂಟು ಹೋಗಿತ್ತು. ನಾನು ಹಿತ್ತಲ ಬಾಗಿಲಿಗೆ ಓಡಿದೆ. ಮೇಲಿನವರ ಮೋರಿಯಿಂದ ಕೆಸರು ನೀರು ದಬದಬ ಬಂದು ನಮ್ಮ ಹಿತ್ತಲಿಗೆ ಬೀಳುತ್ತಿತ್ತು. ಅದಕ್ಕೆ ನಾನು ತಯಾರಿದ್ದೆ. ಆದರೆ ಗಟಾರಕ್ಕೆ ನೀರು ಒಯ್ಯಬೇಕಾದ ಪೈಪು ಇತ್ತಲ್ಲ, ಅದರ ಬಾಯಿಂದ ಕರಿ ನೀರು ಬುಗುಬುಗು ಉಕ್ಕುತ್ತಿತ್ತು. ನೀರು ಹೊರಗೆ ಹೋಗುತ್ತಿರಲಿಲ್ಲ. ಎತ್ತರದ ಗಟಾರ ತುಂಬಿ ಇಡೀ ಓಣಿಯ ನೀರು ನಮ್ಮ ಹಿತ್ತಲಿಗೇ ವಾಪಸು ಬರುತ್ತಿತ್ತು.

ಅಯ್ಯೋ ಶಿವನೇ! ‘ಅಪ್ಪಾ, ಪೈಪಿನಿಂದ ನೀರು ಉಕ್ಕಾಕತ್ತೈತಿ!’ ಎಂದು ಕೂಗಿದೆ. ನೋಡನೋಡುತ್ತ ಬಚ್ಚಲ ಕಟ್ಟೆ ಮುಳುಗಿತು, ತುಳಸಿ ಕಟ್ಟೆಯ ಮೊದಲ ಪಾವಟಿಗೆ ಮುಳುಗಿತು. ಮುಚ್ಚಿದ ಮೋರಿ ಎಲ್ಲಿದೆ ಎಂಬುದೂ ಕಾಣದಂತೆ ನೀರು ಆ ಮಣ್ಣಿನ ಗೋಡೆಗೆ ಆನಿಸಿ ನಿಂತಿತು. ಅಪ್ಪ ಕೊಡೆ ಹಿಡಿದು ಓಣಿಗೆ ಓಡಿ, ಫರಸಿ ಎತ್ತಿ ಗಟಾರದಲ್ಲಿ ಕೋಲು ಹಾಕಿ ಚುಚ್ಚತೊಡಗಿದರು. ಗಟಾರದಲ್ಲಿ ಏನೂ ಸಿಕ್ಕಿಕೊಂಡಿರಲಿಲ್ಲ. ಚುಚ್ಚಿ ಏನು ಪ್ರಯೋಜನ?

ನಾನು ಬಾಣಂತಿ ಕೋಣೆಗೆ ನುಗ್ಗಿದೆ. ಒಳಗೆ ಬೆಚ್ಚಗೆ, ಹೊಗೆ, ಲೋಬಾನದ ವಾಸನೆ. ಅಕ್ಕ ಮಗ್ಗುಲಾಗಿ ಮಲಗಿದ್ದಳು. ಅವ್ವ ಕೂಸಿಗೆ ಹೊಗೆ ಹಾಕಿ ತೊಟ್ಟಿಲಲ್ಲಿ ಮಲಗಿಸುತ್ತಿದ್ದಳು. ಗೋಡೆಯಿಂದ ಮಣ್ಣಿನ ಸಣ್ಣ ಹರಳು ಪುಳುಪುಳು ಎಂದು ಅಕ್ಕನ ಹೊದಿಕೆಯ ಮೇಲೆ ಉದುರುತ್ತಿದ್ದವು. ಆ ಸಪ್ಪಳ ಹೊರಗಿನ ಅಷ್ಟು ಮಳೆಯಲ್ಲೂ ನನಗೆ ಕೇಳಿಸಿತು. ಮೂಲೆಯಲ್ಲಿ ಬೆಳಿಗ್ಗೆ ಇಲ್ಲದ ಒಂದು ಬಿರುಕು ಮಾಡಿನವರೆಗೂ ಹೋಗಿತ್ತು.

ಇನ್ನೊಮ್ಮೆ ಹೇಳಿ ಬೈಸಿಕೊಳ್ಳಲು ನನಗೆ ವ್ಯವಧಾನವಿರಲಿಲ್ಲ. ತೊಟ್ಟಿಲಿಗೆ ಕೈ ಹಾಕಿ ಕೂಸನ್ನು ಕುಂಚಿಗೆ ಸಮೇತ ಎತ್ತಿಕೊಂಡು ಹೊರಗೆ ಓಡಿದೆ. ತಾಯಿ ಎಲ್ಲಿ ಹೋದಾಳು? ಕೂಸಿನ ಹಿಂದೆ ಬಂದೇ ಬರುತ್ತಾಳೆ ಎಂಬುದೊಂದೇ ನನ್ನ ತಲೆಯಲ್ಲಿ. ‘ಏ ಹುಚ್ಚೀ! ಕೂಸಿಗೆ ಗಾಳಿ!’ ಎಂದು ಅವ್ವ ಕಿರುಚಿದಳು. ಅಕ್ಕ ಹೊದಿಕೆ ಎಳೆದುಕೊಂಡು ಎದ್ದು ಬಿದ್ದು ಪಡಸಾಲೆಗೆ ಬಂದಳು. ಹಿಂದೆಯೇ ಬಂದ ಅವ್ವ ನನ್ನ ಕೆನ್ನೆಗೆ ಛಟ್ ಎಂದು ಬಾರಿಸಿದಳು. ನೋವು ಗೊತ್ತಾಗಲಿಲ್ಲ. ಅಕ್ಕ ಹೊರಗಿದ್ದಳು, ಕೂಸು ಹೊರಗಿತ್ತು. ನನಗೆ ಅಷ್ಟೇ ಸಾಕಿತ್ತು.

ಅಷ್ಟರಲ್ಲಿ ಗೋಡೆ ಆಚೆಗಿಂದ ಕಾಕಾ ಕೂಗಿದರು. ‘ಮಾಸ್ತರ್ರ! ಗ್ವಾಡಿ ಈ ಕಡೆ ನೀರ ಬೆವರಾಕತ್ತೈತ್ರಿ! ಬಾಣಂತಿ ಎಲ್ಲದಾಳ್ರಿ?’

ಅಪ್ಪ ಓಣಿಯಲ್ಲಿದ್ದರು. ಅವ್ವ ಬಿಸಿ ಹಾಲು ತರಲು ಅಡುಗೆಮನೆಗೆ ಹೋಗಿದ್ದಳು. ನಾನು ಕೂಸನ್ನು ಅಕ್ಕನ ಮಡಿಲಿಗೆ ಕೊಟ್ಟು ಹಿತ್ತಲ ಬಾಗಿಲಿಗೆ ಹೋಗಿ, ‘ಹೊರಗ ತಂದೇವ್ರಿ ಕಾಕಾ!’ ಎಂದು ಬಾಯಿ ಮಾಡಿದೆ. ಮಳೆಯ ಗದ್ದಲದಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೆ ಕೂಗಿದೆ. ಅವರಿಗೂ ಕೇಳಿಸಲಿಲ್ಲವೆಂದು ಅವರ ಮುಂದಿನ ಮಾತಿನಿಂದ ಗೊತ್ತಾಯಿತು.

‘ಬಾಣಂತಿ ಒಳಗ ಅದಾಳೋ ಮಾರಾಯಾ! ಮೋರಿ ಒಡೀತೇನಿ. ನಮ್ಮ ಮನಿ ತುಂಬಿದ್ರ ತುಂಬ್ಲಿ, ಹೋಗ್ಲಿ!’

ಕಬ್ಬಿಣದ ಹಾರಿಯ ಏಟು ಕೇಳತೊಡಗಿತು. ತಾವೇ ಗಟ್ಟಿಯಾಗಿ ಮಾಡಿದ್ದ ಗಿಲಾಯಿಯನ್ನು ಕಾಕಾ ಒಡೆಯುತ್ತಿದ್ದರು. ಧಡ್, ಧಡ್. ಆಮೇಲೆ ನಮ್ಮ ಹಿತ್ತಲ ನೀರು ಗೋಡೆಯ ಬುಡದಲ್ಲಿ ಒಂದು ಕಡೆ ಸುಳಿ ತಿರುಗಿತು. ಮೋರಿ ಬಿಚ್ಚಿಕೊಂಡಿತ್ತು. ನೀರು ಭರ್ರನೆ ಆ ಕಡೆ ನುಗ್ಗಿತು. ಬಚ್ಚಲ ಕಟ್ಟೆ ಮತ್ತೆ ಕಂಡಿತು. ನಾನು ದೇವರೇ ಎಂದು ಬಾಗಿಲ ಚೌಕಟ್ಟಿಗೆ ಒರಗಿ ಅಳತೊಡಗಿದೆ.

‘ಇಳೀತಲ್ಲ ನೀರು? ಇನ್ನ ಬಾಣಂತಿನ್ನ ಒಳಗ ಕರ್ಕೋ,’ ಎಂದು ಹೇಳುತ್ತ ಅವ್ವ ಶೇಗಡಿಯ ಕೆಂಡ ಕೆದಕಲು ಬಾಣಂತಿ ಕೋಣೆಗೆ ಹೋದಳು. ಬೇಡ ಎನ್ನಲು ನಾನು ಬಾಯಿ ತೆರೆದೆ.

ಗೋಡೆ ಬಿದ್ದ ಸದ್ದು ನಾನು ಅಂದುಕೊಂಡಿದ್ದಷ್ಟು ಜೋರಿರಲಿಲ್ಲ. ದಪ್ಪನೆಯ ಗೋಣಿಚೀಲ ಕೆಳಗಿಟ್ಟಂತೆ ಒಂದು ಸಪ್ಪಳ, ಅಷ್ಟೇ. ‘ಅವ್ವಾ!’ ಎಂದು ಓಡಿದೆ. ಅವ್ವ ಕೋಣೆಯ ನಡುವೆ ಶೇಗಡಿ ಹಿಡಿದು ನಿಂತಿದ್ದಳು. ಅವಳಿಗೆ ಒಂದು ಹರಳೂ ತಾಗಿರಲಿಲ್ಲ. ಅವಳ ಮುಂದೆ ಗೋಡೆ ಇರಲಿಲ್ಲ. ಅದಿದ್ದ ಜಾಗದಲ್ಲಿ ಮಳೆ ಬೀಳುತ್ತಿತ್ತು, ಗಾಳಿ ಒಳಗೆ ಬಂದು ಕಿಟಕಿಯ ಕಂಬಳಿ ಅಲ್ಲಾಡಿಸುತ್ತಿತ್ತು, ಕಾಕಾನ ಹಿತ್ತಲು ಅದರ ಪೇರಲ ಗಿಡದ ಸಮೇತ ಕಾಣುತ್ತಿತ್ತು. ನೀರಿನ ಭಾರಕ್ಕೆ ಗೋಡೆ ಒಳಗೆ ಬೀಳದೆ ಆ ಕಡೆಗೆ ಬಿದ್ದಿತ್ತು. ಮೋರಿ ಒಡೆದದ್ದೇ ಅದರ ಬುಡ ಕೊಚ್ಚಿ ಹೋಗಿತ್ತು.

ಎಲ್ಲದಕ್ಕೂ ಅಂಜುವ ನಾನು, ಈ ಗೋಡೆಗೆ ಎರಡು ಬದಿ ಇದೆ ಎಂದು ಅಲ್ಲಿಯತನಕ ಅಂಜಿಯೇ ಇರಲಿಲ್ಲ.

ಕಾಕಾ ಸೊಂಟದವರೆಗೆ ಮಣ್ಣಿನಲ್ಲಿದ್ದರು. ಕೈಯಲ್ಲಿ ಹಾರಿ ಇನ್ನೂ ಇತ್ತು. ಚಾಚಿ ಎರಡೂ ಕೈಯಿಂದ ಮಣ್ಣು ಬಗೆಯುತ್ತ ಅಲ್ಲಾನನ್ನು ಕೂಗುತ್ತಿದ್ದಳು. ಅವ್ವ ಶೇಗಡಿಯನ್ನು ನೀರಿಗೆ ಒಗೆದು, ಬಿದ್ದ ಗೋಡೆಯ ಮೇಲೆ ಹಾಯ್ದು ಹೋಗಿ ಚಾಚಿಯ ಪಕ್ಕ ಕುಕ್ಕರಿಸಿ ಬಗೆಯತೊಡಗಿದಳು. ಅಪ್ಪ ಸಲಕೆ ತಂದರು. ಸಲಕೆ ಬ್ಯಾಡ್ರಿ, ಕಾಲಿಗೆ ಬಡೀತೈತಿ ಎಂದು ಯಾರೋ ಕೂಗಿದರು. ಎಲ್ಲರೂ ಕೈಯಿಂದಲೇ ಬಗೆದೆವು. ನೆನೆದ ಎರೆಮಣ್ಣು ಹಿಟ್ಟಿನ ಹಾಗೆ ಕೈಗೆ ಅಂಟುತ್ತದೆ, ಒಂದು ಬುಟ್ಟಿ ತೆಗೆದರೆ ಮತ್ತಷ್ಟು ಜಾರಿ ಬರುತ್ತದೆ. ನನ್ನ ಪಕ್ಕದಲ್ಲಿ ಇನ್ನೆರಡು ಕೈ ಬಂದವು. ತಲೆ ಎತ್ತಿ ನೋಡಿದರೆ ಅಕ್ಕ, ಕೂಸನ್ನು ಪಡಸಾಲೆಯಲ್ಲಿ ಮಲಗಿಸಿ ಬಂದಿದ್ದಳು. ತಲೆಯ ಬಟ್ಟೆ ಬಿಚ್ಚಿಹೋಗಿತ್ತು, ಕಿವಿಯ ಅರಳೆ ಎಲ್ಲೋ ಬಿದ್ದಿತ್ತು, ಸುರಿಯುವ ಮಳೆಯಲ್ಲಿ ಆ ಹಸಿ ಬಾಣಂತಿ ಮೊಣಕೈತನಕ ಮಣ್ಣಿನಲ್ಲಿ ಕೈ ಹಾಕಿದ್ದಳು. ಅವ್ವ ಅವಳನ್ನು ನೋಡಿದಳು, ಮತ್ತೆ ಮಣ್ಣು ಬಗೆಯತೊಡಗಿದಳು.

ಕಾಕಾನಿಗೆ ಎಚ್ಚರವಿತ್ತು. ಅಕ್ಕನನ್ನು ಕಂಡು ಅವರಿಗೆ ಅರ್ಥವಾಗಲಿಲ್ಲ. ‘ನೀ ಒಳಗ ಇರಲಿಲ್ಲೇನವಾ?’ ಎಂದು ಕೇಳಿದರು.

ಅಕ್ಕ ಇಲ್ಲ ಎಂದು ತಲೆ ಅಲ್ಲಾಡಿಸಿದಳು.

‘ಛಲೋ ಆತು,’ ಎಂದು ಕಾಕಾ ಕಣ್ಣು ಮುಚ್ಚಿದರು.

ಟಂಟಂ ಗಾಡಿಯಲ್ಲಿ ಹಾಕಿಕೊಂಡು ದೊಡ್ಡ ದವಾಖಾನೆಗೆ ಒಯ್ದೆವು. ಅಲ್ಲಿ ಬಾಕಿನ ಮೇಲೆ ಚಾಚಿ, ಅವಳ ಪಕ್ಕ ಅವ್ವ, ಇಬ್ಬರ ಮೈಮೇಲೂ ಒಂದೇ ಮಣ್ಣು. ಅವ್ವನನ್ನು ಚಾಚಿ ಏನಾದರೂ ಅಂದುಬಿಡಲಿ ಎಂದು ನಾನು ಕಾಯುತ್ತಿದ್ದೆ. ಜಗಳವಾದರೆ ಎದೆ ಹಗುರಾದೀತು ಅನಿಸುತ್ತಿತ್ತು. ಚಾಚಿ ಕೊನೆಗೆ ಹೇಳಿದ್ದು ಇಷ್ಟೇ: ‘ವೈನಿ, ಬಾಣಂತಿನ್ನ ಒಬ್ಬಾಕಿನ್ನ ಬಿಟ್ಟು ಯಾಕ ಕುಂತೀರಿ? ತೊಯ್ಸಿಕೊಂಡಾಳ. ಮನಿಗೆ ಹೋಗಿ ಬಿಸಿನೀರ ಹಾಕ್ರಿ.’ ಅವ್ವ ಚಾಚಿಯ ಮಡಿಲಲ್ಲಿ ಮುಖ ಇಟ್ಟು ಅತ್ತಳು. ಅವ್ವ ಹಾಗೆ ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ.

ಅಕ್ಕನಿಗೆ ಸನ್ನಿಯಾಗಲಿಲ್ಲ, ನೆಗಡಿ ಕೂಡ ಬರಲಿಲ್ಲ. ಕಾಕಾ ಉಳಿದರು. ಅವರ ಬಲಗಾಲು ಉಳಿಯಲಿಲ್ಲ. ಕೂಸಿನ ತೊಟ್ಟಿಲ ಕಾರ್ಯವನ್ನು ಅವರು ಮನೆಗೆ ಬರುವತನಕ ಮುಂದೆ ಹಾಕಿದೆವು. ಅಪ್ಪ ಮತ್ತೆ ಕಾರ್ಪೊರೇಶನ್ನಿಗೆ ಅಲೆಯತೊಡಗಿದರು, ಈ ಸಲ ಬೀಗುವುದಕ್ಕಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ ಹಿತ್ತಲುಗಳ ಹಿಂದೆ ತಗ್ಗಿನಲ್ಲಿ ಹಳ್ಳದವರೆಗೆ ಕಾಲುವೆ ತೋಡಿದರು. ಈಗ ನೀರು ನಿಲ್ಲುವುದಿಲ್ಲ. ನಡುವಿನ ಗೋಡೆ ಕೂಡ ಸಿಮೆಂಟಿನದು. ಅಂಜಲು ಕಾರಣವೇ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ.

ಆದರೂ ದೊಡ್ಡ ಮಳೆ ಬಂತೆಂದರೆ ನಮ್ಮ ಎರಡೂ ಮನೆಯವರು ಮನೆ ಬಿಟ್ಟು ಓಣಿಗೆ ಇಳಿಯುತ್ತೇವೆ. ಹೀಗೆಂದು ಯಾರೂ ಕೂಡಿ ಮಾತಾಡಿಕೊಂಡದ್ದಲ್ಲ. ಅಪ್ಪ, ಅವ್ವ, ನಾನು ಕೊಡೆ ಹಿಡಿದು ನಿಲ್ಲುತ್ತೇವೆ. ಚಾಚಿ ಬಂದು ನಮ್ಮ ಕೊಡೆಯ ಕೆಳಗೆ ಸೇರುತ್ತಾಳೆ. ಕಾಕಾ ಮಾತ್ರ ಲಗೂ ಬರಲಾರರು. ಊರುಗೋಲು ಹುಡುಕಿ, ಗೋಡೆ ಹಿಡಿದು, ಕತ್ತಲೆ ಪಡಸಾಲೆ ದಾಟಿ ಬರಬೇಕು. ‘ಬಂದ್ರೇನ್ರಿ ಅಣ್ಣಾರ?’ ಎಂದು ಅವ್ವ ಕೂಗುತ್ತಾಳೆ. ಒಳಗಿಂದ ಅವರು ಏನೋ ಅನ್ನುತ್ತಿರಬೇಕು, ಮಳೆಯ ಸದ್ದಿನಲ್ಲಿ ನಮಗೆ ಕೇಳುವುದಿಲ್ಲ. ಅವರು ಬಂದು ಹೊಸ್ತಿಲಲ್ಲಿ ನಿಲ್ಲುವವರೆಗೆ ನಾವೆಲ್ಲ ಆ ತೆರೆದ ಬಾಗಿಲನ್ನೇ ನೋಡುತ್ತ ನಿಂತಿರುತ್ತೇವೆ.